ನುನಾವಿಕ್‌ನ ತಾಯಿ ಹಾಲು

ಉತ್ತರ ಧ್ರುವ ಅಂದ ಕೂಡಲೇ ಪೇಪರಿನವರು ಹಾಕುವುದು ಒಂದೇ ಫೋಟೋ. ಕರಗುವ ಮಂಜುಗಡ್ಡೆ, ಅದರ ಮೇಲೊಂದು ಬಡಕಲು ಹಿಮಕರಡಿ. ಆ ಕಡಲ ತೀರದಲ್ಲಿ ಜನ ಇದ್ದಾರೆ, ಅವರೂ ಅಡುಗೆ ಮಾಡುತ್ತಾರೆ, ಮಕ್ಕಳಿಗೆ ಹಾಲು ಕುಡಿಸುತ್ತಾರೆ ಅನ್ನುವುದು ಯಾರಿಗೂ ನೆನಪೇ ಇರುವುದಿಲ್ಲ. ನನಗೆ ತಲೆಯಿಂದ ಹೋಗದೇ ಇರುವುದು ಆ ಹಾಲಿನ ಕತೆ.

1980ರ ದಶಕದ ಮಾತು. ಕೆನಡಾದ ಕ್ವಿಬೆಕ್‌ನಲ್ಲಿ ಎರಿಕ್ ಡೆವಾಯಿ ಎಂಬ ಸಂಶೋಧಕರು ತಾಯಂದಿರ ಹಾಲಿನಲ್ಲಿ ಪಿಸಿಬಿ ಎಷ್ಟಿದೆ ಎಂದು ನೋಡುತ್ತಿದ್ದರು. ಟ್ರಾನ್ಸ್‌ಫಾರ್ಮರ್ ಎಣ್ಣೆಗೆಲ್ಲ ಹಾಕುತ್ತಿದ್ದ ವಿಷಕಾರಿ ರಾಸಾಯನಿಕ ಅದು. ದಕ್ಷಿಣದ ಊರುಗಳ ಹಾಲಿನ ಜೊತೆ ಹೋಲಿಸಲು ಒಂದಿಷ್ಟು ಶುದ್ಧ ಹಾಲು ಬೇಕಿತ್ತು. ಸರಿ, ಅದೇ ಕ್ವಿಬೆಕ್‌ನ ಉತ್ತರ ತುದಿಯ ನುನಾವಿಕ್‌ನಿಂದ, ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ತಾಯಂದಿರದ್ದನ್ನು ತರಿಸಿದರು. ಕಾರ್ಖಾನೆ ಇಲ್ಲ, ಹೊಲ ಇಲ್ಲ, ಊರಿಂದ ಊರಿಗೆ ರಸ್ತೆಯೂ ಇಲ್ಲದ ಜಾಗ. ಅಲ್ಲಿನ ಹಾಲಿನಲ್ಲಿ ಪಿಸಿಬಿ ದಕ್ಷಿಣದವರಿಗಿಂತ ಸುಮಾರು 5 ಪಟ್ಟು ಜಾಸ್ತಿ ಇತ್ತು!

ಆ ವಿಷ ಅಷ್ಟು ದೂರ ಹೋಗಿದ್ದು ಹೇಗೆ ಅಂದರೆ, ಬೀರುವಿನಲ್ಲಿಟ್ಟ ನುಸಿಗುಳಿಗೆ ದಿನ ಕಳೆದಂತೆ ಸವೆದು ಮಾಯವಾಗುತ್ತದಲ್ಲ, ಹಾಗೆ. ಪಿಸಿಬಿ, ಸೊಳ್ಳೆ ಕೊಲ್ಲುವ ಡಿಡಿಟಿ ಥರದವು ಬಿಸಿ ಜಾಗದಲ್ಲಿ ಆವಿಯಾಗಿ ಗಾಳಿ ಸೇರುತ್ತವೆ, ತಂಪಾದಾಗ ಕೆಳಗಿಳಿಯುತ್ತವೆ, ಮತ್ತೆ ಬಿಸಿಯಾದರೆ ಮತ್ತೆ ಏಳುತ್ತವೆ. ಹೀಗೆ ಕುಪ್ಪಳಿಸುತ್ತಾ ಕುಪ್ಪಳಿಸುತ್ತಾ ಉತ್ತರಕ್ಕೆ ಬಂದು, ಚಳಿಗೆ ಅಲ್ಲೇ ಕೂತುಬಿಡುತ್ತವೆ. ಸಮುದ್ರದ ಪ್ರವಾಹಗಳೂ ಒಂದಷ್ಟನ್ನು ಹೊತ್ತು ತರುತ್ತವೆ. ಇವು ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಪುಟ್ಟ ಜೀವಿಯಿಂದ ಮೀನಿಗೆ, ಮೀನಿನಿಂದ ಸೀಲ್‌ಗೆ, ಬೆಲೂಗಾ ತಿಮಿಂಗಿಲಕ್ಕೆ ಹೋಗುವಾಗ ಒಂದೊಂದು ಮೆಟ್ಟಿಲಿಗೂ ದಟ್ಟವಾಗುತ್ತವೆ. ಕೊನೆಯ ಮೆಟ್ಟಿಲಲ್ಲಿ ಮೊಲೆ ಕುಡಿಯುವ ಮಗು.

ಬೆಲೂಗಾದ ಚರ್ಮ, ಅದರಡಿಯ ಕೊಬ್ಬು ಸೇರಿ ಮಕ್ತಕ್. ಅರ್ಧಚಂದ್ರದ ಆಕಾರದ ಉಲು ಕತ್ತಿಯಲ್ಲಿ ಸಣ್ಣಗೆ ಹೆಚ್ಚಿ ಹಸಿಯಾಗೇ ತಿನ್ನುತ್ತಾರೆ. ತರಕಾರಿ ಬೆಳೆಯದ ನೆಲದಲ್ಲಿ ಸಿ ವಿಟಮಿನ್ ಸಿಗುವುದೂ ಇಂಥದ್ದರಿಂದಲೇ. ತಿನ್ನಬೇಡಿ ಅಂದುಬಿಡುವುದು ಸುಲಭ. ಬದಲಿಗೆ ಏನು ತಿನ್ನಬೇಕು? ವಿಮಾನದಲ್ಲೋ ಹಡಗಿನಲ್ಲೋ ಬರುವ, ಕೈ ಸುಡುವ ಬೆಲೆಯ ಪ್ಯಾಕೆಟ್ ತಿಂಡಿಯೇ? ಎದೆಹಾಲು ನಿಲ್ಲಿಸಬೇಡಿ, ಅದರ ಲಾಭವೇ ಜಾಸ್ತಿ ಎಂದು ಆರೋಗ್ಯದವರು ಹೇಳಿದರು. ಮಾತು ಸರಿಯೇ. ಆದರೂ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಅದನ್ನು ಕೇಳಿಸಿಕೊಳ್ಳುವುದು ಸುಮ್ನೆ ಅಲ್ಲ.

ಈ ವಿಷದ ಮಾತನ್ನು ಜಗತ್ತಿನ ಮುಂದೆ ಇಟ್ಟವರಲ್ಲಿ ಶೀಲಾ ವಾಟ್-ಕ್ಲೂಟಿಯೆ ಮುಖ್ಯರು, ನುನಾವಿಕ್‌ನವರೇ. 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಆಗಿ ಮೊದಲಿಗೆ 12 ವಿಷಗಳಿಗೆ ಕಡಿವಾಣ ಬಿತ್ತು. ನನಗೆ ಶೀಲಾ ಬಗ್ಗೆ ಗೌರವ ಹೆಚ್ಚಿದ್ದು ಡಿಡಿಟಿ ವಿಷಯದಲ್ಲಿ. ತಮ್ಮವರ ಹಾಲಲ್ಲೇ ಅದು ಇದ್ದರೂ, ಮಲೇರಿಯಾದಿಂದ ಮಕ್ಕಳು ಸಾಯುವ ದೇಶಗಳಿಂದ ಅದನ್ನು ತಕ್ಷಣ ಕಸಿಯಿರಿ ಎಂದು ಅವರ ಇನುಯಿಟ್ ಸಂಘಟನೆ ಹಠ ಹಿಡಿಯಲಿಲ್ಲ. ಆ ದೇಶಗಳ ಪಟ್ಟಿಯಲ್ಲಿ ನಾವೂ ಇದ್ದೆವು.

ನಮ್ಮ ಪಾಲು ಅಷ್ಟಕ್ಕೇ ಮುಗಿಯಲಿಲ್ಲ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು, ಹಾಸಿಗೆ ಹಿಡಿದ ಮಕ್ಕಳನ್ನು ಇಂದಿಗೂ ಎತ್ತಿ ಇಳಿಸುವ ಅಮ್ಮಂದಿರು ಅಲ್ಲಿರುವುದು ಕರಾವಳಿಯವರಿಗೆಲ್ಲ ಗೊತ್ತು. ಅದೇ ಎಂಡೋಸಲ್ಫಾನ್ ಆರ್ಕ್ಟಿಕ್ ಗಾಳಿಯಲ್ಲೂ ಸಿಕ್ಕಿತು. ಕೊಕ್ಕಡದ್ದೇ ಅಲ್ಲಿಗೆ ಹೋಯಿತು ಅಂತ ಯಾರೂ ಹೇಳಲಾಗದು, ಹತ್ತಾರು ದೇಶ ಬಳಸುತ್ತಿದ್ದವು. ಆದರೆ ಇದು ದೂರ ಪಯಣಿಸುವ ವಿಷ ಎನ್ನಲು ಧ್ರುವದ ಪುರಾವೆ ಒದಗಿತು. 2011ರಲ್ಲಿ ಎಂಡೋಸಲ್ಫಾನ್ ಕೂಡ ಒಪ್ಪಂದದ ಪಟ್ಟಿ ಸೇರಿತು. ಅದೇ ವರ್ಷ ನಮ್ಮ ಸುಪ್ರೀಂ ಕೋರ್ಟೂ ನಿಷೇಧಿಸಿತು.

ಪಟ್ಟಿಗೆ ಸೇರಿದ ಮೇಲೆ ಹಳೆಯ ವಿಷಗಳ ಮಟ್ಟ ನುನಾವಿಕ್‌ನವರ ಮೈಯಲ್ಲಿ ನಿಧಾನಕ್ಕೆ ಇಳಿದಿದೆ, ಅದು ಸಮಾಧಾನದ ವಿಷಯ. ಆದರೆ ಆರ್ಕ್ಟಿಕ್ ಜಗತ್ತಿನ ಸರಾಸರಿಗಿಂತ ಸುಮಾರು 4 ಪಟ್ಟು ವೇಗವಾಗಿ ಬಿಸಿಯಾಗುತ್ತಿದೆ. ದಶಕಗಳ ಹಿಂದೆ ಹಿಮದಲ್ಲಿ, ತಣ್ಣನೆ ನೀರಲ್ಲಿ ಕೂತಿದ್ದು ಮತ್ತೆ ಏಳುತ್ತಿದೆ. ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ, ಕೆನಡಾದ ಅಲರ್ಟ್‌ನಲ್ಲಿ ವರ್ಷಗಟ್ಟಲೆ ಗಾಳಿ ಅಳೆದವರು ಇದನ್ನು ಕಂಡಿದ್ದಾರೆ. ಅತ್ತ ಸೀಲ್ ಬೇಟೆಗೆ ಹೋಗುವವರ ಕಾಲಡಿಯ ಮಂಜುಗಡ್ಡೆ ತೆಳುವಾಗುತ್ತಿದೆ, ಹಿರಿಯರು ಹೇಳಿಕೊಟ್ಟ ದಾರಿ ನಂಬುವಂತಿಲ್ಲ.

ಬಿಸಿಯ ವಿಷಯಕ್ಕೂ ಶೀಲಾ ಸುಮ್ಮನಿರಲಿಲ್ಲ. 2005ರ ಡಿಸೆಂಬರ್‌ನಲ್ಲಿ ಅವರು, ಜೊತೆಗೆ ಇನ್ನೂ 62 ಇನುಯಿಟ್ ಜನ, ಅಮೆರಿಕದ ಹೊಗೆಯಿಂದ ನಮ್ಮ ಬದುಕಿನ ಹಕ್ಕಿಗೆ ಪೆಟ್ಟು ಬಿದ್ದಿದೆ ಎಂದು ಅಮೆರಿಕ ಖಂಡಗಳ ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟರು. ಕೊಟ್ಟ ಮಾಹಿತಿಯಿಂದ ಹಕ್ಕಿನ ಉಲ್ಲಂಘನೆ ಆಗಿದೆಯೋ ಇಲ್ಲವೋ ತೀರ್ಮಾನಿಸಲು ಆಗದು ಎಂದು 2006ರಲ್ಲಿ ಉತ್ತರ ಬಂತು. 2007ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ಗೆ ಕರೆಸಿ ಮಾತು ಕೇಳಿಸಿಕೊಂಡರು. ತೀರ್ಪು ಮಾತ್ರ ಬರಲಿಲ್ಲ.