ಇಲ್ಲೇ ಸಮುದ್ರ ಇರುವಾಗ ಅಷ್ಟು ದೂರ ಯಾಕೆ?

ಈ ಪ್ರಶ್ನೆಗೆ ಇನ್ನು ಬಾಯಲ್ಲಿ ಉತ್ತರ ಕೊಡುವುದಿಲ್ಲ. ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಗೆಳತಿಯರ ಜೊತೆ ಲಕ್ಷದ್ವೀಪದ ಕಡಮತ್‌ಗೆ ಹೋಗಿ ಬಂದೆ. ದಡದಲ್ಲೇ ರೆಸಾರ್ಟ್. ಬೆಳಿಗ್ಗೆ ಸ್ಕೂಬಾ, ಮಧ್ಯಾಹ್ನ ನಿದ್ದೆ, ಸಂಜೆ ಹರಟೆ. ಫೋಟೊ ಹಾಕಿದ್ದೇ ತಡ, ಮಂಗಳೂರಿನವರೂ ಉಡುಪಿಯವರೂ ಒಂದೇ ರಾಗ ಎಳೆದರು. “ಅಲ್ಲ ಮಾರಾಯ್ತಿ, ಮಲ್ಪೆಯಲ್ಲಿ ಸಮುದ್ರ ಉಂಟು, ಪಣಂಬೂರಿನಲ್ಲಿ ಉಂಟು. ಅಷ್ಟು ದೂರ ಹೋಗಿ ಮುಳುಗುವುದು ಎಂತಕ್ಕೆ?”

ಕೇಳುವ ಧಾಟಿಯಲ್ಲೇ ಗೊತ್ತಾಗುತ್ತದೆ, ಇವರಿಗೆ ಉತ್ತರ ಬೇಕಿಲ್ಲ. ನಿನಗೆ ದುಡ್ಡು ಜಾಸ್ತಿಯಾಗಿದೆ ಎಂದು ಹೇಳಬೇಕು, ಅಷ್ಟೆ. ನನ್ನ ದುಡಿಮೆ, ನನ್ನ ರಜೆ. ಆ ಮಾತು ಅಲ್ಲಿಗೆ ಬಿಡಿ. ನನಗೆ ತಡೆಯಲಾಗದ್ದು ಆ ಪ್ರಶ್ನೆಯ ಒಳಗಿರುವ ಎರಡು ತಪ್ಪು ತಿಳಿವಳಿಕೆ. ಸಮುದ್ರ ಎಲ್ಲಾ ಕಡೆ ಒಂದೇ ಅಂತ ಒಂದು. ಕಡಮತ್ ದೂರ ಅಂತ ಇನ್ನೊಂದು.

ಮೊದಲು ನೀರಿನ ವಿಷಯ. ನೇತ್ರಾವತಿ, ಫಲ್ಗುಣಿ, ಸ್ವರ್ಣಾ, ಸೀತಾ, ಎಲ್ಲವೂ ಘಟ್ಟದ ಮಣ್ಣು ಹೊತ್ತು ತಂದು ನಮ್ಮ ಕಡಲಿಗೆ ಸುರಿಯುತ್ತವೆ. ಮಳೆಗಾಲದಲ್ಲಿ ಆಳದ ತಣ್ಣೀರು ದಡದ ಹತ್ತಿರ ಮೇಲಕ್ಕೆ ಬರುತ್ತದೆ. ಅದರ ಜೊತೆ ಗೊಬ್ಬರದ ಅಂಶವೂ ಬರುತ್ತದೆ. ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ನೀರಿನಲ್ಲಿ ತುಂಬಿಕೊಳ್ಳುತ್ತವೆ. ನೀರು ಹಸಿರಾಗುತ್ತದೆ, ಮಸುಕಾಗುತ್ತದೆ. ಮಲ್ಪೆಯಲ್ಲಿ ಮುಳುಗಿ ಕೈ ಚಾಚಿದರೆ ನಮ್ಮ ಬೆರಳೇ ನಮಗೆ ಕಾಣದ ದಿನಗಳಿವೆ.

ಲಕ್ಷದ್ವೀಪದಲ್ಲಿ ಒಂದೇ ಒಂದು ನದಿ ಇಲ್ಲ. ಬಿದ್ದ ಮಳೆ ಮರಳಿಗೆ ಇಳಿಯುತ್ತದೆ. ಹಾಗಾಗಿ ನೀರು ತಿಳಿ. ಹವಳ ಬೆಳೆಯಲು ಅಂಥ ನೀರೇ ಬೇಕು. ಹವಳದ ಜೀವಿಯ ಮೈಯೊಳಗೆ ಸಣ್ಣ ಪಾಚಿ ವಾಸ ಮಾಡುತ್ತದೆ. ಅದು ಬಿಸಿಲಿನಲ್ಲಿ ಆಹಾರ ಮಾಡಿ ಹವಳಕ್ಕೂ ಪಾಲು ಕೊಡುತ್ತದೆ. ನೀರು ಕದಡಿದರೆ ಬಿಸಿಲು ತಲುಪುವುದಿಲ್ಲ. ಸುಮ್ನೆ ಒಂದು ಹೊಳೆ ತಂದು ಅಲ್ಲಿ ಸುರಿದರೆ ಆ ತೋಟವೆಲ್ಲ ಹೂಳಿನಡಿ ಸತ್ತುಹೋಗುತ್ತದೆ.

ನೇತ್ರಾಣಿ ದ್ವೀಪ ಇಲ್ವಾ ಎಂದು ಕೇಳುವವರೂ ಇದ್ದಾರೆ. ಇದೆ, ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಬೇಕು. ಅಲ್ಲಿಯೂ ಬಂಡೆಗಳ ಮೇಲೆ ಹವಳ ಇದೆ, ಒಳ್ಳೆಯ ಜಾಗ, ಹೋಗಿ. ಆದರೆ ಬಂಡೆಗೆ ಹತ್ತಿಕೊಂಡ ಹವಳ ಬೇರೆ. ಹವಳವೇ ಕಟ್ಟಿದ ದ್ವೀಪ ಬೇರೆ.

ಇನ್ನು ಕೆಲವರು ಎದುರು ದಿಕ್ಕಿನಿಂದ ಬರುತ್ತಾರೆ. ಇವರ ಮೇಲೆ ನನಗೆ ಇನ್ನೂ ಜಾಸ್ತಿ ಸಿಟ್ಟು. ಉಡುಪಿಯಲ್ಲಿ ಒಂದು ಬೀಗರ ಔತಣ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನ ಫೋಟೊ ನೋಡಿದ್ದರಂತೆ. “ನೀನು ಹೋದದ್ದು ಒಳ್ಳೇದಾಯ್ತು ಮಗಾ. ಅಲ್ಲಿಯ ನೀರು ಗ್ಲಾಸಿನ ಹಾಗೆ. ನಮ್ಮದು ಬರೀ ಗಲೀಜು” ಅಂದರು. ಅವರ ಎಲೆಯಲ್ಲಿ ಬಂಗುಡೆ ಪುಳಿಮುಂಚಿ ಇತ್ತು. ಎರಡನೇ ಸಲ ಬಡಿಸಿಕೊಂಡದ್ದು.

“ಮಾವ, ನಿಮ್ಮ ಎಲೆಯಲ್ಲಿರುವ ಬಂಗುಡೆ ಆ ಗಲೀಜಿನಿಂದಲೇ ಬಂದದ್ದು” ಅಂದೆ. ಅವರು ನಕ್ಕರು. ನಾನು ನಗಲಿಲ್ಲ. ಬಂಗುಡೆ, ಬೂತಾಯಿಯಂಥ ಮೀನುಗಳು ಬದುಕುವುದು ಆ ಹಸಿರಿನಿಂದಲೇ. ಗ್ಲಾಸಿನಂಥ ನೀರಿನಲ್ಲಿ ತೇಲುವ ಆಹಾರ ಕಡಿಮೆ, ಅದಕ್ಕೇ ಅದು ಅಷ್ಟು ತಿಳಿ. ಹವಳದ ಸುತ್ತ ಮೀನು ಕಿಕ್ಕಿರಿದಿರುತ್ತದೆ ನಿಜ. ಸ್ವಲ್ಪ ಆಚೆ ಹೋದರೆ ಬರೀ ನೀಲಿ. ಪ್ಲಾಸ್ಟಿಕ್ಕು, ಊರಿನ ಚರಂಡಿ ನೀರು ನಾವು ಬಿಟ್ಟದ್ದು, ಅದನ್ನು ಗಲೀಜು ಅನ್ನಿ, ನಾನೂ ಸೇರಿ ಕೂಗುತ್ತೇನೆ. ಆದರೆ ಕಡಲಿನ ಹಸಿರನ್ನು ಗಲೀಜು ಅನ್ನಬೇಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳನ್ನು ದಕ್ಕೆಯಲ್ಲಿ ಕಟ್ಟಿಹಾಕುವುದು, ಆ ನೀರಿನಲ್ಲಿ ಮೀನು ಮರಿಮಾಡಿ ಬೆಳೆಯಲಿ ಎಂದೇ ಅಲ್ವಾ?

ಈಗ ದೂರದ ವಿಷಯ. ನಕ್ಷೆ ತೆಗೆದು ಅಳೆಯಿರಿ. ಮಂಗಳೂರಿನಿಂದ ಕಡಮತ್‌ಗೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ಕೊಚ್ಚಿಯಿಂದ ಎಳೆದರೆ 400. ಬೆಂಗಳೂರಿಗೆ ರಸ್ತೆಯಲ್ಲಿ 350 ಕಿ.ಮೀ. ಹೋಗುತ್ತೀರಿ, ಅದನ್ನು ಯಾರೂ ದೂರ ಅನ್ನುವುದಿಲ್ಲ.

ಬರೀ ಗೆರೆಯ ಮಾತೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಈ ಐದು ದ್ವೀಪಗಳಿಗೆ ಅಮಿನ್‌ದಿವಿ ಎಂಬ ಹೆಸರಿತ್ತು. ಇವು ಟಿಪ್ಪುವಿನ ಆಳ್ವಿಕೆಗೆ ಬಂದಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಕೈಸೇರಿದವು. ಆಮೇಲೆ 1956ರಲ್ಲಿ ಕೇಂದ್ರಾಡಳಿತ ಪ್ರದೇಶ ಆಗುವ ತನಕ ಇವು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಕಲೆಕ್ಟರ್ ಕೂರುತ್ತಿದ್ದದ್ದು ಮಂಗಳೂರಿನಲ್ಲಿ. ದ್ವೀಪದವರು ತೆಂಗಿನ ನಾರಿನ ಹುರಿ ತಂದು ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ಇವತ್ತಿಗೂ ಹಳೆ ಬಂದರಿನಲ್ಲಿ ನಿಂತರೆ ಜಲ್ಲಿ, ಸಿಮೆಂಟ್, ತರಕಾರಿ ತುಂಬಿಕೊಂಡು ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳು, ಅಂದರೆ ಸರಕಿನ ದೋಣಿಗಳು, ಕಾಣುತ್ತವೆ.

ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: ಅಲ್ಲಿಯವರು ಹೇಗಿದ್ದಾರೆ? ಒಬ್ಬರೂ ಕೇಳಿಲ್ಲ. ಶಾರ್ಕ್ ಬಂತಾ, ಈಜು ಬೇಕಾ, ಆಕ್ಸಿಜನ್ ಮುಗಿದರೆ ಎಂತ ಮಾಡುವುದು, ಇಷ್ಟೇ. ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಅಲ್ಲ, ಒತ್ತಿ ತುಂಬಿದ ಮಾಮೂಲಿ ಗಾಳಿ. ಅದು ಎಷ್ಟು ಉಳಿದಿದೆ ಎಂದು ತೋರಿಸುವ ಮೀಟರ್ ಇರುತ್ತದೆ. ಒಮ್ಮೆ ಮುಳುಗಿ ನೋಡುವವರಿಗೆ ಸಾಮಾನ್ಯವಾಗಿ ಈಜು ಕೇಳುವುದಿಲ್ಲ, ಪೂರ್ತಿ ಕೋರ್ಸ್ ಮಾಡುವವರಿಗೆ ಬೇಕು. ಮುಗಿಯಿತು.

ನನಗೆ ಕಲಿಸಿದ ಹುಡುಗ ಕಡಮತ್‌ನವನೇ. ಮಂಗಳೂರು ಎಂದ ಕೂಡಲೇ ಅವನ ಮುಖ ಅರಳಿತು. ಅವನ ಅಜ್ಜ ಹಾಯಿ ಕಟ್ಟಿದ ಓಡದಲ್ಲಿ ನಮ್ಮ ಬಂದರಿಗೆ ಹುರಿ ತರುತ್ತಿದ್ದರಂತೆ. ಬಂದರಿನ ಓಣಿಗಳ ಹೆಸರು ಅವನಿಗೆ ಗೊತ್ತು. ಅವನ ಕಡೆಯ ಒಂದು ದ್ವೀಪದ ಹೆಸರು ಹೇಳಿ ಅಂದರೆ ನಮ್ಮಲ್ಲಿ ಎಷ್ಟು ಜನ ಹೇಳುತ್ತಾರೆ?

ನೀರಿನೊಳಗೆ ಅವನು ಒಂದು ಕಡೆ ಕೈ ತೋರಿಸಿದ. ಗಿಳಿಮೀನುಗಳು ಸತ್ತ ಹವಳವನ್ನು ಕಟಕಟ ಎಂದು ಕಡಿಯುತ್ತಿದ್ದವು. ಆ ಸದ್ದು ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ತಿಂದ ಕಲ್ಲು ಅವುಗಳ ಹೊಟ್ಟೆಯಿಂದ ಬಿಳಿ ಮರಳಾಗಿ ಬೀಳುತ್ತದೆ. ನಾವು ಫೋಟೊ ತೆಗೆಸಿಕೊಂಡ ಆ ದಡದಲ್ಲಿ ಅಂಥ ಮರಳೂ ಸೇರಿದೆ. ಅಲ್ಲಿಂದ ಮುಂದಕ್ಕೆ ಕರೆದುಕೊಂಡು ಹೋದ. ಮುರಿದ ಹವಳದ ರಾಶಿ, ಬಣ್ಣ ಇಲ್ಲ, ಮೀನೂ ಕಡಿಮೆ. ಮೇಲೆ ಬಂದ ಮೇಲೆ ಹೇಳಿದ, ಇದು ಬಿಸಿನೀರು ಮಾಡಿದ್ದು ಅಂತ.

ಕಡಲು ಬೇಸಿಗೆಯ ಮಾಮೂಲಿ ಬಿಸಿಗಿಂತ ಬರೀ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಇದ್ದರೆ ಸಾಕು. ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. 2024ರಲ್ಲಿ ಮತ್ತೆ ಆಯಿತು. 1998ರಲ್ಲಿ ಇದ್ದ ಜೀವಂತ ಹವಳ 2022ರ ಹೊತ್ತಿಗೆ ಸುಮಾರು ಅರ್ಧಕ್ಕೆ ಇಳಿದಿತ್ತು. ಆ ಹವಳದ ಗೋಡೆಯೇ ಅಲೆಗಳನ್ನು ತಡೆಯುವುದು. ದ್ವೀಪಗಳು ಕಡಲಿನಿಂದ ಕೆಲವೇ ಅಡಿ ಎತ್ತರ. ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡವರು ಉಳ್ಳಾಲದಲ್ಲಿದ್ದಾರೆ. ಅವರಿಗೆ ಹಿಂದಕ್ಕೆ ಸರಿಯಲು ನೆಲವಾದರೂ ಇದೆ. ಕಡಮತ್‌ನ ಅಗಲವೇ ಅರ್ಧ ಕಿ.ಮೀ. ಆಸುಪಾಸು.

ಹಾಗಾಗಿ ಯಾಕೆ ಹೋದೆ ಎಂದು ಕೇಳುವುದನ್ನು ಬಿಡಿ. ನಿಮಗೆ ಹೋಗಲು ಆಸೆ ಇದ್ದರೆ ಬನ್ನಿ, ಪರ್ಮಿಟ್ ಹೇಗೆ ಮಾಡಿಸುವುದು ಎಂದು ಕೂತು ಹೇಳಿಕೊಡುತ್ತೇನೆ. ನೀರಿಗೆ ಇಳಿದಾಗ ಹವಳವನ್ನು ಮುಟ್ಟಬೇಡಿ, ಅದರ ಮೇಲೆ ಕಾಲಿಟ್ಟು ನಿಲ್ಲಬೇಡಿ. ನಾವು ರೈಲಿನಲ್ಲಿ ಕೊಚ್ಚಿಗೆ ಹೋಗಿ, ಅಲ್ಲಿಂದ ವಿಮಾನದಲ್ಲಿ ಅಗತ್ತಿಗೆ ಹಾರಿ, ಮತ್ತೆ ದೋಣಿ ಹಿಡಿದು ಕಡಮತ್ ತಲುಪಿದೆವು. ನಮ್ಮ ಬಂದರಿನಿಂದ ಈರುಳ್ಳಿ ನೇರ ಹೋಗುತ್ತದೆ. ನಾವೂ ಅಲ್ಲಿಂದಲೇ ಹಡಗು ಹತ್ತುವುದು ಯಾವಾಗ ಎಂದು ಕೇಳಿ. ಕೇಳಬೇಕಾದ್ದು ನನ್ನನ್ನಲ್ಲ, ಓಟು ಕೇಳಲು ಬರುವವರನ್ನು.