ಡಾರ್ಕ್ ಸ್ಕ್ಯಾನ್‌ನಲ್ಲಿ ಕತ್ತಲೆಯೇ ಇರಲಿಲ್ಲ

ಬೆಳಗಾವಿಯ ಜುಲೈ ಮಳೆಯಲ್ಲಿ ಎಫ್‌ಟಿಐಆರ್ (ಇನ್‌ಫ್ರಾರೆಡ್ ಬೆಳಕಿನಿಂದ ಅಣುಗಳ ಬಂಧಗಳನ್ನು ನೋಡುವ ಯಂತ್ರ) ನಡೆಸುವುದೇ ಕಷ್ಟ, ಗಾಳಿಯ ತೇವ ಅಳತೆಯನ್ನು ಕೆಡಿಸುತ್ತದೆ. ತೇವ ಹೀರುವ ಸಿಲಿಕಾ ಜೆಲ್ ನೋಡನೋಡುತ್ತ ನೀಲಿ ಬಿಟ್ಟು ಗುಲಾಬಿಯಾಗುತ್ತದೆ. ಪರ್ಜ್‌ಗೆ, ಅಂದರೆ ಒಳಗಿನ ತೇವದ ಗಾಳಿಯನ್ನು ಹೊರದಬ್ಬಲು, ಒಣ ಅನಿಲದ ಸಿಲಿಂಡರ್ ಕೇಳಿದರೆ ಆಫೀಸಿನವರು ಮೂರು ಕೊಟೇಶನ್ ತನ್ನಿ ಅನ್ನುತ್ತಾರೆ. ಆದರೆ ಅವತ್ತು ಪ್ರಯೋಗ ಕೆಟ್ಟದ್ದು ಮಳೆಯಿಂದಲೂ ಅಲ್ಲ, ಆಫೀಸಿನಿಂದಲೂ ಅಲ್ಲ.

ಫೈಟೋಕ್ರೋಮ್ ಸ್ಯಾಂಪಲ್ ಅದು. ಗಿಡಗಳು ಕೆಂಪು ಬೆಳಕನ್ನು ಗುರುತಿಸುವ ಪ್ರೋಟೀನ್. 660 ನ್ಯಾನೋಮೀಟರ್ ಬೆಳಕಿಗೆ ಒಂದು ರೂಪ, 730ಕ್ಕೆ ಮತ್ತೆ ಹಳೆಯ ರೂಪ. ಕತ್ತಲೆಯಲ್ಲೊಂದು ಸ್ಪೆಕ್ಟ್ರಮ್, ಬೆಳಕು ಕೊಟ್ಟು ಇನ್ನೊಂದು. ಒಂದರಿಂದ ಒಂದನ್ನು ಕಳೆದರೆ ಬದಲಾದ ಬಂಧಗಳಷ್ಟೇ ಕಾಣುತ್ತವೆ. ಆ ವ್ಯತ್ಯಾಸ ಹೆಚ್ಚುಕಡಿಮೆ ಸಾವಿರದಲ್ಲೊಂದು ಪಾಲು.

ನಮ್ಮ ಹತ್ತಿರ ಉಳಿದಿದ್ದು 20 ಮೈಕ್ರೋಲೀಟರ್. ಕಿಟಕಿಗೆ ಕರಿ ಬಟ್ಟೆ, ಮಂದ ಹಸಿರು ಸೇಫ್‌ಲೈಟ್, ಫೋನ್‌ಗಳೆಲ್ಲ ಹೊರಗೆ. ಇನ್‌ಫ್ರಾರೆಡ್ ದಾಟಿಸುವ ಕ್ಯಾಲ್ಸಿಯಂ ಫ್ಲೋರೈಡ್ ಬಿಲ್ಲೆಯ (ವಿಂಡೋ) ಮೇಲೆ ಹನಿ ಇಟ್ಟು, ಇನ್ನೊಂದನ್ನು ಒತ್ತುವಾಗ ಉಸಿರು ಬಿಗಿಹಿಡಿದಿದ್ದೆ. ಗುಳ್ಳೆ ಬರಲಿಲ್ಲ. ಡಾರ್ಕ್ ಸ್ಕ್ಯಾನ್ ಮುಗಿಯಿತು. ಎಲ್‌ಇಡಿ ಹಾಕಿದೆ. ಮತ್ತೆ ಸ್ಕ್ಯಾನ್. ಕಳೆದು ನೋಡಿದರೆ ಗೆರೆ ಚಪ್ಪಟೆ. ಸ್ಪೆಕ್ಟ್ರಮ್‌ನಲ್ಲಿ 1700 cm⁻¹ ಆಸುಪಾಸಿನ ಕಾರ್ಬೊನಿಲ್ (ಇಂಗಾಲ-ಆಮ್ಲಜನಕದ ಜೋಡಿ ಬಂಧ) ಏರಿಳಿತ ಕಾಣಲೇ ಇಲ್ಲ. ಸ್ಕೇಲ್ ಹಿಗ್ಗಿಸಿ ನೋಡಿದೆ. ಬರೀ ನೀರಾವಿಯ ಮುಳ್ಳುಗಳು.

"ಬಾಗಿಲು ತೆಗೆದವರು ಯಾರು?" ಎಂದು ಜೂನಿಯರ್ ಹುಡುಗಿಯ ಮೇಲೆ ಎಲ್ಲರೆದುರು ಕೂಗಾಡಿದೆ. "ನಾ ತಗದಿಲ್ರಿ ಸರ್" ಅಂದಳು. ನಾನು ನಂಬಲಿಲ್ಲ.

ಮರುದಿನ ಅವಳೇ ಕರೆದಳು. ದೀಪ ಆರಿಸಿ, ಖಾಲಿ ಚೇಂಬರ್‌ನಲ್ಲಿ ಸ್ಯಾಂಪಲ್ ಇಡುವ ಜಾಗಕ್ಕೆ ಬಿಳಿ ಕಾಗದದ ಚೂರು ಹಿಡಿದಿದ್ದಳು. "ಇಲ್ನೋಡ್ರಿ ಸರ್." ಜೋಳದ ಕಾಳಿನಷ್ಟು ಮಂಕು ಕೆಂಪು ಚುಕ್ಕೆ. ಯಂತ್ರದೊಳಗಿನ ಕನ್ನಡಿ ಎಷ್ಟು ಸರಿಯಿತು ಎಂದು ಅಳೆಯುವ ಹೀಲಿಯಂ-ನಿಯಾನ್ ಲೇಸರ್, 632.8 ನ್ಯಾನೋಮೀಟರ್. ಡಾರ್ಕ್ ಸ್ಕ್ಯಾನ್ ನಡೆಯುವಾಗಲೇ ಪ್ರೋಟೀನ್ ಆ ಬೆಳಕಿಗೆ ಬದಲಾಗುತ್ತಾ ಹೋಗಿತ್ತು. ನಾನು ಎಲ್‌ಇಡಿ ಹಾಕುವಷ್ಟರಲ್ಲಿ ಬದಲಾಗಲು ಹೆಚ್ಚೇನೂ ಉಳಿದಿರಲಿಲ್ಲ. ಆ ಲೇಸರ್ ಯಾಕಿದೆ ಅಂತ ಪ್ರತಿ ವರ್ಷ ಪಾಠ ಮಾಡುವವನು ನಾನೇ. ಅದು ಸ್ಯಾಂಪಲ್ ತನಕ ಬರುತ್ತದೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ಈಗ ಸ್ಯಾಂಪಲ್ ಮುಂದೆ ಜರ್ಮೇನಿಯಂ ಬಿಲ್ಲೆ ಇಡುತ್ತೇವೆ. ಕಣ್ಣಿಗೆ ಕಾಣುವ ಬೆಳಕು ಅದರಲ್ಲಿ ದಾಟುವುದಿಲ್ಲ, ಇನ್‌ಫ್ರಾರೆಡ್ ದಾಟುತ್ತದೆ. ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಪ್ರತಿಫಲಿಸಿಯೇ ಹೋಗುತ್ತದೆ. ಅದಕ್ಕೇ ಹೆಚ್ಚು ಸ್ಕ್ಯಾನ್ ತೆಗೆಯಬೇಕು. ಪರವಾಗಿಲ್ಲ.

ಎಲ್ಲರೆದುರು ಬೈದಿದ್ದೆ, ಎಲ್ಲರೆದುರೇ ಕ್ಷಮೆ ಕೇಳಿದೆ. "ಇರ್ಲಿ ಬಿಡ್ರಿ ಸರ್" ಅಂದಳು. ಆಮೇಲೆ ಒಂದು ವಾರ ನಮ್ಮ ಜೊತೆ ಚಹಾಕ್ಕೆ ಬರಲಿಲ್ಲ.