‘ನಾನೇ ಏನೋ ಒತ್ತಿಬಿಟ್ಟೆ’

ಅಂದು ಹನ್ನೊಂದು ಜನ ತಮ್ಮ ತಮ್ಮ ಲ್ಯಾಪ್‌ಟಾಪ್ ಹಿಡಿದು ಬಂದಿದ್ದರು. ಹೆಚ್ಚಿನವರು ನಿವೃತ್ತರು. ಕಂಪ್ಯೂಟರನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು, ಮೋಸಹೋಗದೆ ಬಳಸುವುದು ಹೇಗೆಂದು ಹೇಳಿಕೊಡಲು ನಾನು ಒಪ್ಪಿಕೊಂಡಿದ್ದೆ. ವಾರವಿಡೀ ಕೂತು ಸ್ಲೈಡ್ ಮಾಡಿದ್ದೆ. ಮೊದಲ ಸ್ಲೈಡಿನಲ್ಲಿ ವೈರಸ್‌ಗಳ ವಿಧಗಳಿದ್ದವು.

ಎರಡನೆಯದಕ್ಕೆ ಹೋಗುವಷ್ಟರಲ್ಲಿ ಮುಂದೆ ಕೂತಿದ್ದ ಹಿರಿಯ ಮಹಿಳೆಯ ಲ್ಯಾಪ್‌ಟಾಪ್ ಟಿಂಗ್ ಎಂದಿತು. ಪರದೆಯ ಬಲ ಕೆಳಮೂಲೆಯಲ್ಲಿ ಕೆಂಪು ಪೆಟ್ಟಿಗೆಯೊಂದು ಮೂಡಿತ್ತು: ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್‌ಗಳಿವೆ, ಕೂಡಲೇ ಇಲ್ಲಿ ಒತ್ತಿ. ಅವರು ತಟ್ಟನೆ ಲ್ಯಾಪ್‌ಟಾಪ್ ಮುಚ್ಚಿಬಿಟ್ಟರು.

“ಏನಾಯ್ತಮ್ಮ?” ಎಂದೆ.

“ಏನಿಲ್ಲಪ್ಪ. ಹಿಂದೆ ನಾನೇ ಏನೋ ಒತ್ತಿಬಿಟ್ಟೆ. ಮೂರು ತಿಂಗಳಿಂದ ಹೀಗೇ ಬರ್ತಾ ಇದೆ. ಮಗನಿಗೆ ಹೇಳಿಲ್ಲ, ಬೈತಾನೆ.”

ಮೂರು ತಿಂಗಳು! ಪ್ರತಿ ಸಲ ಆ ಪೆಟ್ಟಿಗೆ ಬಂದಾಗಲೂ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡುತ್ತಿದ್ದರಂತೆ. ನಾನು ಸ್ಲೈಡ್ ನಿಲ್ಲಿಸಿ ಅವರ ಪಕ್ಕ ಕುರ್ಚಿ ಎಳೆದುಕೊಂಡೆ. ಅದು ವೈರಸ್ಸೇ ಅಲ್ಲ. ಯಾವುದೋ ವೆಬ್‌ಸೈಟ್ ‘ನೋಟಿಫಿಕೇಶನ್ ಕಳಿಸಬಹುದೇ’ ಎಂದು ಕೇಳಿದಾಗ ಇವರು ‘ಅಲೋ’ ಒತ್ತಿದ್ದರು. ಒಮ್ಮೆ ಅನುಮತಿ ಸಿಕ್ಕರೆ ಆ ಪುಟ ತೆರೆದಿರದಿದ್ದರೂ ಬ್ರೌಸರ್ ಮೂಲಕ ಅದು ಏನನ್ನು ಬೇಕಾದರೂ ಬರೆದು ಕಳಿಸಬಹುದು. ಬ್ರೌಸರಿನ ಸೆಟ್ಟಿಂಗ್ಸ್‌ನ ಒಳಗೆ ಸೈಟ್ ಸೆಟ್ಟಿಂಗ್ಸ್, ಅಲ್ಲಿ ನೋಟಿಫಿಕೇಶನ್ಸ್. ದಾರಿ ಹೇಳಿದೆ, ಮೌಸ್ ಮಾತ್ರ ಮುಟ್ಟಲಿಲ್ಲ. ಅನುಮತಿ ಪಡೆದವರ ಪಟ್ಟಿಯಲ್ಲಿ ತಲೆಬುಡವಿಲ್ಲದ ಮೂರು ಹೆಸರುಗಳಿದ್ದವು. ಒಂದೊಂದನ್ನೂ ಅವರೇ ತೆಗೆದರು.

“ಇಷ್ಟೇನಾ?” ಎಂದರು. ಆ ದನಿಯಲ್ಲಿ ಸಂತೋಷಕ್ಕಿಂತ ಸಂಕಟವೇ ಹೆಚ್ಚಿತ್ತು.

ಉಳಿದವರಿಗೂ ಅದೇ ಪುಟ ತೆರೆಯಲು ಹೇಳಿದೆ. ಆರು ಜನರ ಪಟ್ಟಿಯಲ್ಲಿ ಅಂಥ ಸೈಟುಗಳು ಕೂತಿದ್ದವು. ಅಲ್ಲಿಂದ ಮುಂದೆ ನಾನು ಸ್ಲೈಡಿಗೆ ಮರಳಲೇ ಇಲ್ಲ. ಹೆದರಿಸುವುದೇ ಮೋಸಗಾರರ ಬಂಡವಾಳ. ಪಾಠ ಹೇಳುವ ನಾವೂ ವೈರಸ್ಸಿನ ಹೆಸರು ಹೇಳಿ ಹೆದರಿಸುತ್ತಲೇ ಶುರುಮಾಡಿದರೆ, ಹೆದರಿದವರು ಇನ್ನಷ್ಟು ಮುಚ್ಚಿಡುತ್ತಾರೆ.

ಆಮೇಲೆ ಪ್ರಶ್ನೆಗಳು ತಾವಾಗಿಯೇ ಬಂದವು. “ದಿನಾ ಶಟ್‌ಡೌನ್ ಮಾಡ್ತೀನಿ ಸರ್, ಆದರೂ ನಿಧಾನ” ಎಂದರೊಬ್ಬರು. ಒಳಗೆ ಏನೇನು ಓಡುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆಸಿ, ಕಂಪ್ಯೂಟರ್ ಹೊಸದಾಗಿ ಶುರುವಾಗಿ ಎಷ್ಟು ಕಾಲವಾಯಿತೆಂದು ಹೇಳುವ ‘ಅಪ್ ಟೈಮ್’ ಓದಲು ಹೇಳಿದೆ. 41 ದಿನ! ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸಿನ ಒಳಭಾಗ ಪೂರ್ತಿ ನಿಲ್ಲುವುದಿಲ್ಲ, ಅದರ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮರುದಿನ ಅಲ್ಲಿಂದಲೇ ಎಬ್ಬಿಸಲಾಗುತ್ತದೆ. ನಿಜವಾಗಿ ಹೊಸದಾಗಿ ಶುರುವಾಗಬೇಕಾದರೆ ರೀಸ್ಟಾರ್ಟ್ ಕೊಡಬೇಕು. ಅವರು ಅಲ್ಲೇ ರೀಸ್ಟಾರ್ಟ್ ಕೊಟ್ಟರು. ತಿಂಗಳಿಂದ ಕಾದು ಕೂತಿದ್ದ ಅಪ್‌ಡೇಟ್‌ಗಳೂ ಅದರ ಜೊತೆಗೇ ಇನ್‌ಸ್ಟಾಲ್ ಆದವು.

ಅಪ್‌ಡೇಟ್ ಯಾಕೆ ಬೇಕು ಎಂಬುದಕ್ಕೆ ಒಂದೇ ಉದಾಹರಣೆ ಕೊಟ್ಟೆ. 2017ರ ಮೇ 12ರಂದು ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು ದುಡ್ಡು ಕೇಳುವ ವಾನಾಕ್ರೈ ಎಂಬ ರಾನ್ಸಮ್‌ವೇರ್ ಹಬ್ಬಿ, ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರುಗಳೂ ಬೀಗ ಬಿದ್ದು ಕೂತವು. ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್ 14ರಂದೇ ತೇಪೆ ಬಿಡುಗಡೆ ಮಾಡಿತ್ತು. ನಡುವೆ ಸುಮಾರು ಎರಡು ತಿಂಗಳು ಸಮಯವಿತ್ತು. “ಹಾಗಾದರೆ ‘ಆಮೇಲೆ’ ಅಂತ ಒತ್ತೋದೇ ತಪ್ಪು” ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು.

ವಿರಾಮದ ಹೊತ್ತಿಗೆ, ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಹಿಂದಿನ ವರ್ಷ ಒಮ್ಮೆ ಪರದೆ ತುಂಬ ನೀಲಿ ಪುಟ ಬಂದು ಸೈರನ್ ಕೂಗಿತ್ತಂತೆ. ಅದರಲ್ಲಿ ಒಂದು ಫೋನ್ ನಂಬರ್ ಇತ್ತು. ಕರೆ ಮಾಡಿದ್ದರು. ಆ ಕಡೆಯವರು ಹೇಳಿದ ಆ್ಯಪ್ ಹಾಕಿಕೊಂಡರು, ದುಡ್ಡೂ ಹೋಯಿತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. “ಆ ಆ್ಯಪ್ ಇನ್ನೂ ಇದೆಯಾ, ನೋಡ್ತೀರಾ?” ಎಂದರು.

ಇತ್ತು. ದೂರದಿಂದಲೇ ಕಂಪ್ಯೂಟರನ್ನು ಆಡಿಸುವ ಆ್ಯಪ್ ಅದು, ಕಂಪ್ಯೂಟರ್ ಶುರುವಾದಾಗಲೆಲ್ಲ ತಾನೂ ಶುರುವಾಗುವಂತೆ ಆ ಮೋಸಗಾರರು ಹಾಕಿಟ್ಟಿದ್ದರು. ಹಾಗೆ ಒಂದು ವರ್ಷ ಕಳೆದಿತ್ತು. ನನಗೆ ಕೈಕಾಲು ತಣ್ಣಗಾಯಿತು. ಮೊದಲು ಇಂಟರ್ನೆಟ್ ಕಡಿದೆವು, ಆ್ಯಪ್ ತೆಗೆದೆವು. ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡುಗಳನ್ನು ಆ ಲ್ಯಾಪ್‌ಟಾಪಿನಿಂದ ಬದಲಿಸಬೇಡಿ, ಫೋನಿನಿಂದ ಬದಲಿಸಿ ಎಂದೆ. ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ಎರಡು ಹಂತದ ದೃಢೀಕರಣವನ್ನೂ ಅಲ್ಲೇ ಹಾಕಿಸಿದೆ. ಇಷ್ಟಾದರೂ ಆ ಯಂತ್ರವನ್ನು ನಂಬುವಂತಿಲ್ಲ; ಬೇಕಾದ ಫೈಲುಗಳನ್ನು ಹೊರಗೆ ನಕಲು ಮಾಡಿಕೊಂಡು ವಿಂಡೋಸನ್ನೇ ಹೊಸದಾಗಿ ಹಾಕಬೇಕು, ಬ್ಯಾಂಕಿಗೂ ತಿಳಿಸಬೇಕು ಎಂದು ಬಿಡಿಸಿ ಹೇಳಿದೆ. ಅವರು ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಂಡರು.

ಮಧ್ಯಾಹ್ನ, ಅವರ ವಿಷಯ ಎತ್ತದೆ, ಅಂಥ ಪುಟ ಬಂದರೆ ಏನು ಮಾಡಬೇಕೆಂದು ಎಲ್ಲರಿಗೂ ಅಭ್ಯಾಸ ಮಾಡಿಸಿದೆ. ಮೈಕ್ರೋಸಾಫ್ಟಿನ ಅಸಲಿ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿ. ಎಫ್11 ಒತ್ತಿಸಿ ಬ್ರೌಸರ್ ಪರದೆ ತುಂಬುವಂತೆ ಮಾಡಿ, ಅದರಿಂದ ಹೊರಬರುವುದನ್ನು ಹತ್ತು ಸಲ ಮಾಡಿಸಿದೆ. ಹತ್ತನೆಯ ಸಲಕ್ಕೆ ಬೆರಳುಗಳು ತಾವೇ ಜಾಗ ಹುಡುಕಿಕೊಳ್ಳುತ್ತಿದ್ದವು.

ಬ್ಯಾಕಪ್ ಬಗ್ಗೆ ಹೇಳಲು ಅರ್ಧ ಗಂಟೆಯಷ್ಟೇ ಉಳಿದಿತ್ತು. ಫೋಟೋಗಳನ್ನು ಹೊರಗಿನ ಡಿಸ್ಕಿಗೆ ಹಾಕಿ, ಹಾಕಿದ ಮೇಲೆ ಡಿಸ್ಕನ್ನು ಕಳಚಿಡಿ, ಚುಚ್ಚಿಟ್ಟ ಡಿಸ್ಕಿಗೂ ರಾನ್ಸಮ್‌ವೇರ್ ಬೀಗ ಹಾಕುತ್ತದೆ ಎಂದಷ್ಟೇ ಹೇಳಲಾಯಿತು. ಅದಕ್ಕೇ ಒಂದು ದಿನ ಬೇಕಿತ್ತು.

ಮುಂದಿನ ತಿಂಗಳು ಮತ್ತೆ ಸೇರಿದಾಗ ಸ್ಲೈಡ್ ಒಯ್ಯಲಿಲ್ಲ. “ಈ ತಿಂಗಳು ಯಾರು ಯಾರು ಏನೇನು ಒತ್ತಿದಿರಿ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಆ ಹಿರಿಯರು ಎದ್ದು ನಿಂತರು. “ಈ ತಿಂಗಳದ್ದಲ್ಲ, ಹೋದ ವರ್ಷದ್ದು, ಹೇಳಲಾ?” ಎಂದು ಕೇಳಿ, ನೀಲಿ ಪುಟದಿಂದ ಶುರುಮಾಡಿದರು.